ಕೂಲಿಗೆ ಹೋದಲ್ಲಿ ಹತ್ತಿದ ಜ್ವರ: ಕಾಯಿಲೆಗೆ ಕೆಲಸವೇ ಕಾರಣವೇ ಎಂದು ತಿಳಿಯುವ ಬಗೆ

ಮಲೆನಾಡಿನಲ್ಲಿ ಭತ್ತದ ಸುಗ್ಗಿ ಮುಗಿದು ಅಡಿಕೆ ಕೊಯಿಲು ಕೊನೆಗೆ ಬರುವ ಹೊತ್ತಿಗೆ ಬೆಟ್ಟದ ಕೆಲಸಗಳು ಆರಂಭವಾಗುತ್ತವೆ. ಕೊಟ್ಟಿಗೆಗೆ ದರಕು ಗುಡಿಸಿ ತರುವುದು, ಸೊಪ್ಪು ಕಡಿಯುವುದು, ಮಳೆಗಾಲಕ್ಕೆ ಸೌದೆ ಕೂಡಿಹಾಕುವುದು, ದನ ಮೇಯಿಸುವುದು, ಇವೆಲ್ಲ ಜನವರಿಯಿಂದ ಮೇ ತಿಂಗಳವರೆಗೆ ನಡೆಯುತ್ತವೆ. ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಇದೇ ತಿಂಗಳುಗಳಲ್ಲಿ. ಕೂಲಿಗೆ ಹೋಗಿ ಬಂದವರು ವಾರದೊಳಗೆ ಜ್ವರ ಬಂದು ಮಲಗಿದರೆ ಮನೆಯವರು, "ಬೆಟ್ಟಕ್ಕೆ ಹೋಗಿದ್ದಕ್ಕೇ ಬಂತು" ಎನ್ನುತ್ತಾರೆ. ಕೆಲಸ ಕೊಟ್ಟವರು, "ಜ್ವರ ಯಾರಿಗೆ ತಾನೇ ಬರುವುದಿಲ್ಲ?" ಎನ್ನುತ್ತಾರೆ. ವಿಚಾರಿಸದೆ ಆಡಿದ ಈ ಎರಡು ಮಾತುಗಳೂ ಬರಿಯ ಊಹೆ.

ಊಹೆಯನ್ನು ಬಿಟ್ಟು ಕ್ರಮವಾಗಿ ವಿಚಾರಿಸಿದರೆ ಬಹಳಷ್ಟು ಸಂದರ್ಭಗಳಲ್ಲಿ ನಿಜ ಗೊತ್ತಾಗುತ್ತದೆ. ಹೀಗೆ ವಿಚಾರಿಸುವುದರಿಂದ ಮೂರು ಪ್ರಯೋಜನಗಳಿವೆ. ಮೊದಲನೆಯದಾಗಿ, ರೋಗಿ ಎಲ್ಲಿ ಏನು ಕೆಲಸ ಮಾಡಿದ ಎಂಬುದು ತಿಳಿದರೆ ವೈದ್ಯರು ಯಾವ ಪರೀಕ್ಷೆ ಮಾಡಿಸಬೇಕೆಂಬುದನ್ನು ಬೇಗ ನಿರ್ಧರಿಸಬಲ್ಲರು. ಎರಡನೆಯದಾಗಿ, ಅದೇ ಜಾಗದಲ್ಲಿ ದುಡಿಯುತ್ತಿರುವ ಉಳಿದವರನ್ನು ಎಚ್ಚರಿಸಬಹುದು. ಮೂರನೆಯದಾಗಿ, ದುಡಿಯುವ ವ್ಯಕ್ತಿಯೇ ಹಾಸಿಗೆ ಹಿಡಿದಾಗ ಆ ಮನೆಗೆ ನ್ಯಾಯವಾಗಿ ಸಲ್ಲಬೇಕಾದ ಪರಿಹಾರವಿದ್ದರೆ ಅದನ್ನು ಕೇಳಲು ಆಧಾರ ಸಿಗುತ್ತದೆ. ಈ ವಿಚಾರಣೆಯನ್ನು ನಡೆಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಹಳೆಯ ಪ್ರಶ್ನೆ

ಇಟಲಿಯ ವೈದ್ಯ ಬರ್ನಾರ್ಡಿನೊ ರಮಝೀನಿ 1700ರಲ್ಲಿ ಕಸುಬುದಾರರ ಕಾಯಿಲೆಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ. ರೋಗಿಗೆ ವೈದ್ಯರು ವಾಡಿಕೆಯಾಗಿ ಕೇಳುವ ಪ್ರಶ್ನೆಗಳ ಜೊತೆಗೆ "ನೀನು ಮಾಡುವ ಕೆಲಸ ಯಾವುದು?" ಎಂಬುದನ್ನೂ ಕೇಳಬೇಕೆಂದು ಆತ ಅದರಲ್ಲಿ ಸೂಚಿಸಿದ. ಮುನ್ನೂರು ವರ್ಷಗಳು ಕಳೆದಿದ್ದರೂ ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆಂದು ಹೇಳುವಂತಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಉದ್ಯೋಗ ಎಂಬಲ್ಲಿ "ಕೂಲಿ" ಅಥವಾ "ವ್ಯವಸಾಯ" ಎಂದು ಒಂದೇ ಪದ ಬರೆದು ಮುಗಿಸುವುದು ರೂಢಿ. ಆದರೆ ಗದ್ದೆಯ ಕೆಸರಿನಲ್ಲಿ ನಿಂತ ಕೂಲಿಗೂ, ಅಡಿಕೆ ಸುಲಿದ ಕೂಲಿಗೂ, ಕಾಡಿನಲ್ಲಿ ದರಕು ಗುಡಿಸಿದ ಕೂಲಿಗೂ ತಗುಲಬಹುದಾದ ರೋಗಗಳು ಬೇರೆ ಬೇರೆ. ಆದ್ದರಿಂದ ಕೆಲಸದ ಹೆಸರಷ್ಟೇ ಸಾಲದು. ಯಾವ ದಿನ, ಯಾವ ಜಾಗದಲ್ಲಿ, ಏನನ್ನು ಮುಟ್ಟಿ ಮಾಡಿದ ಕೆಲಸ ಎಂಬುದು ಬೇಕು.

ಕ್ಯಾಸನೂರು ಕಲಿಸಿದ ಪಾಠ

ಈ ಬಗೆಯ ವಿಚಾರಣೆಗೆ ಅತ್ಯುತ್ತಮ ಉದಾಹರಣೆ ನಮ್ಮ ಸೊರಬ ತಾಲ್ಲೂಕಿನಲ್ಲಿಯೇ ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಸಮಯದಲ್ಲಿ ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ನರಳಿದರು, ಕೆಲವರು ಸತ್ತರು. ಎರಡಕ್ಕೂ ಸಂಬಂಧವಿದೆಯೆಂಬುದನ್ನು ಗಮನಿಸಿದ ಹಳ್ಳಿಗರು ಇದನ್ನು "ಮಂಗನ ಕಾಯಿಲೆ" ಎಂದೇ ಕರೆದರು. ಮಂಗಗಳೂ ಜನರೂ ಒಟ್ಟಿಗೆ ಸಾಯುವುದು ಹಳದಿ ಜ್ವರದ ಲಕ್ಷಣವಾದ್ದರಿಂದ, ಏಷ್ಯಾದಲ್ಲಿ ಎಂದೂ ಇಲ್ಲದ ಆ ರೋಗ ಭಾರತಕ್ಕೆ ಬಂದಿತೇ ಎಂಬ ಆತಂಕವೂ ಹುಟ್ಟಿತು.

ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಬಂದು ಪರಿಶೀಲಿಸಿದರು. ಸತ್ತ ಮಂಗಗಳಲ್ಲಿಯೂ ರೋಗಿಗಳ ರಕ್ತದಲ್ಲಿಯೂ ಒಂದೇ ವೈರಸ್ ದೊರೆಯಿತು. ಅದು ಹಳದಿ ಜ್ವರದ ವೈರಸ್ ಆಗಿರಲಿಲ್ಲ; ಉಣುಗುಗಳಿಂದ ಹರಡುವ, ರಷ್ಯದಲ್ಲಿ ಕಾಣುತ್ತಿದ್ದ ಮೆದುಳು ಜ್ವರದ ವೈರಸ್ಸಿಗೆ ಸಮೀಪದ ಬಂಧುವಾಗಿತ್ತು. ಹೊಸ ವೈರಸ್ಸಿಗೆ ಕ್ಯಾಸನೂರಿನ ಹೆಸರನ್ನೇ ಇಡಲಾಯಿತು. ಹೀಗೆ ನಮ್ಮ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು.

ಈ ವೈರಸ್ಸನ್ನು ಹರಡುವುದು ಮುಖ್ಯವಾಗಿ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಕಾಡು ಉಣುಗು. ಬೆಳೆದ ಉಣುಗು ದನಗಳಂಥ ದೊಡ್ಡ ಪ್ರಾಣಿಗಳ ರಕ್ತ ಹೀರುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಅದರ ಮರಿ. ಬಹಳ ಸಣ್ಣದಾಗಿ ಕಾಣುವ ಈ ಮರಿಗಳು ಬೇಸಿಗೆಯ ತಿಂಗಳುಗಳಲ್ಲಿ ಒಣ ಎಲೆಗಳ ನಡುವೆ ವಿಶೇಷವಾಗಿ ಇರುತ್ತವೆ. ಸೋಂಕು ಹತ್ತಿದ ಮಂಗ ಸತ್ತುಬಿದ್ದಾಗ ಅದರ ಮೈಮೇಲಿನ ಉಣುಗುಗಳು ಸುತ್ತಲಿನ ನೆಲದಲ್ಲಿ ಹರಡಿ, ಆ ಜಾಗವೇ ಅಪಾಯದ ತಾಣವಾಗುತ್ತದೆ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ಬಂದು ನಂತರ ಇನ್ನೊಬ್ಬರಿಗೆ ಬಂದರೆ ಅವರಿಬ್ಬರೂ ಹೋದ ಜಾಗವನ್ನು ಹುಡುಕಬೇಕೇ ಹೊರತು ರೋಗಿಯನ್ನು ದೂರ ಇಡುವುದು ಸರಿಯಲ್ಲ.

ವಿಚಾರಣೆಯ ಐದು ಹೆಜ್ಜೆಗಳು

ಮಂಗನ ಕಾಯಿಲೆಯೇ ಇರಲಿ, ಬೇರೆ ಯಾವ ರೋಗವೇ ಇರಲಿ, ಅದಕ್ಕೆ ಕೆಲಸ ಕಾರಣವೇ ಎಂದು ನೋಡುವಾಗ ಕೆಳಗಿನ ಐದು ಪ್ರಶ್ನೆಗಳಿಗೆ ಇದೇ ಕ್ರಮದಲ್ಲಿ ಉತ್ತರ ಹುಡುಕಬೇಕು.

1. ರೋಗ ಯಾವುದು? ಇದು ಮೊದಲು ಖಚಿತವಾಗಬೇಕು. ಮಂಗನ ಕಾಯಿಲೆ, ಡೆಂಗಿ, ಇಲಿಜ್ವರ, ವಿಷಮಶೀತ ಜ್ವರ ಇವೆಲ್ಲ ಆರಂಭದಲ್ಲಿ ಒಂದೇ ರೀತಿ ಕಾಣಬಹುದು. ಮಂಗನ ಕಾಯಿಲೆಯಲ್ಲಿ ಹಠಾತ್ತಾಗಿ ಜ್ವರ, ಹಣೆಯ ಭಾಗದಲ್ಲಿ ತಲೆನೋವು, ಸೊಂಟ ಮತ್ತು ಮಾಂಸಖಂಡಗಳ ನೋವು, ಕಣ್ಣು ಕೆಂಪಾಗುವುದು, ವಿಪರೀತ ನಿಶ್ಶಕ್ತಿ ಕಾಣುತ್ತವೆ; ಕೆಲವರಿಗೆ ಮೂಗು ಅಥವಾ ವಸಡಿನಿಂದ ರಕ್ತ ಬರುತ್ತದೆ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳ ನಂತರ ಮತ್ತೆ ಬಂದು ಮೆದುಳಿಗೆ ಸಂಬಂಧಿಸಿದ ತೊಂದರೆಗಳಾಗುತ್ತವೆ. ನೂರು ರೋಗಿಗಳಲ್ಲಿ ಸಾಮಾನ್ಯವಾಗಿ 3ರಿಂದ 5 ಮಂದಿ ಸಾಯುತ್ತಾರೆ. ಲಕ್ಷಣಗಳಿಂದ ಸಂಶಯಪಡಬಹುದು, ಖಚಿತಪಡಿಸುವುದು ರಕ್ತಪರೀಕ್ಷೆ ಮಾತ್ರ. ಜ್ವರ ಬಂದ ಮೊದಲ ದಿನಗಳಲ್ಲಿ ವೈರಸ್ಸನ್ನೇ ಪತ್ತೆಮಾಡುವ ಪಿ.ಸಿ.ಆರ್. ಪರೀಕ್ಷೆಯೂ, ಸುಮಾರು ಐದು ದಿನಗಳ ನಂತರ ರಕ್ತದಲ್ಲಿನ ಪ್ರತಿಕಾಯಗಳನ್ನು ನೋಡುವ ಎಲೈಸಾ ಪರೀಕ್ಷೆಯೂ ಉಪಯುಕ್ತ.

2. ಆ ರೋಗದ ಕಾರಣ ಕೆಲಸದ ಜಾಗದಲ್ಲಿತ್ತೇ? ರೋಗಿ ದುಡಿದ ಬೆಟ್ಟದಲ್ಲಿ ಮಂಗ ಸತ್ತಿತ್ತೇ, ಅಲ್ಲಿ ಉಣುಗುಗಳಿದ್ದವೇ, ಸಿಂಪಡಿಸಿದ ಔಷಧಿಯ ಹೆಸರೇನು, ಗದ್ದೆಯ ನೀರಿನಲ್ಲಿ ಇಲಿಗಳ ಕಾಟವಿತ್ತೇ ಎಂಬುದನ್ನು ನೋಡಬೇಕು. ಕಾರಣವೇ ಇಲ್ಲದ ಜಾಗವನ್ನು ದೂಷಿಸುವಂತಿಲ್ಲ.

3. ಕಾಲ ಹೊಂದುತ್ತದೆಯೇ? ಸೋಂಕು ತಗುಲಿದ ದಿನಕ್ಕೂ ರೋಗ ಕಾಣುವ ದಿನಕ್ಕೂ ನಡುವೆ ಪ್ರತಿಯೊಂದು ರೋಗಕ್ಕೂ ಒಂದು ಅವಧಿ ಇದೆ. ಬೀಜ ಬಿತ್ತಿದ ದಿನವೇ ಮೊಳಕೆ ಕಾಣುವುದಿಲ್ಲ, ರೋಗವೂ ಹಾಗೆಯೇ. ಮಂಗನ ಕಾಯಿಲೆಗೆ ಈ ಅವಧಿ ಸಾಮಾನ್ಯವಾಗಿ 3ರಿಂದ 8 ದಿನ. ಜ್ವರ ಬಂದ ಮೇಲೆ ಮಾಡಿದ ಕೆಲಸ ಆ ಜ್ವರಕ್ಕೆ ಕಾರಣವಾಗಲಾರದು. ನಿನ್ನೆ ಬೆಟ್ಟಕ್ಕೆ ಹೋಗಿ ಇಂದು ಜ್ವರ ಬಂದರೆ ನಿನ್ನೆಯ ಬೆಟ್ಟ ಕಾರಣವಲ್ಲ. ಕಳೆದ ವಾರದ ಕೆಲಸವನ್ನು ನೋಡಬೇಕು.

4. ಜೊತೆಯಲ್ಲಿ ದುಡಿದವರಿಗೂ ಬಂದಿದೆಯೇ? ಅದೇ ಕೆಲಸ ಮಾಡಿದವರಲ್ಲಿ ಎಷ್ಟು ಮಂದಿಗೆ ಬಂತು, ಅದೇ ಊರಿನಲ್ಲಿದ್ದೂ ಆ ಕೆಲಸಕ್ಕೆ ಹೋಗದವರಲ್ಲಿ ಎಷ್ಟು ಮಂದಿಗೆ ಬಂತು ಎಂದು ಎರಡನ್ನೂ ಎಣಿಸಬೇಕು. ಒಂದನ್ನೇ ಎಣಿಸಿದರೆ ತಪ್ಪು ತೀರ್ಮಾನವಾಗುತ್ತದೆ.

5. ಬೇರೆ ಕಾರಣ ಇರಬಹುದೇ? ಮನೆಯ ಕೆಲಸ, ಸಂತೆ, ನೆಂಟರ ಮನೆ, ವಂಶದಲ್ಲಿರುವ ರೋಗ, ಬೀಡಿ-ಸಿಗರೇಟು ಮುಂತಾದವನ್ನೂ ಪ್ರಾಮಾಣಿಕವಾಗಿ ಪರಿಶೀಲಿಸಬೇಕು.

ಲೆಕ್ಕ ಹಾಕಿ ನೋಡೋಣ

ಈಗ ಈ ಹೆಜ್ಜೆಗಳನ್ನು ಒಂದು ಕಲ್ಪಿತ ಉದಾಹರಣೆಗೆ ಅನ್ವಯಿಸೋಣ. ಉಳವಿಯ ಕಡೆಯ ಒಬ್ಬ ಕೂಲಿಗಾರನಿಗೆ ಜನವರಿ 24ರಂದು ಜ್ವರ ಬಂತೆಂದು ಭಾವಿಸಿ. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆಯೆಂದು ಖಚಿತವಾಯಿತು. 24ರಿಂದ ಹಿಂದಕ್ಕೆ 3 ದಿನ ಎಣಿಸಿದರೆ 21. 8 ದಿನ ಎಣಿಸಿದರೆ 16. ಹಾಗಾಗಿ ಜನವರಿ 16ರಿಂದ 21ರವರೆಗಿನ ಆರು ದಿನಗಳ ದಿನಚರಿ ಮುಖ್ಯ.

16 ಮತ್ತು 17ರಂದು ಆತ ಒಂದು ಮನೆಯ ಜಗಲಿಯಲ್ಲಿ ಅಡಿಕೆ ಸುಲಿದ. 18 ಮತ್ತು 19ರಂದು ಇನ್ನೊಬ್ಬರ ಸೊಪ್ಪಿನ ಬೆಟ್ಟದಲ್ಲಿ ನಾಲ್ವರ ಜೊತೆ ದರಕು ಗುಡಿಸಿ ಹೊತ್ತ. 20ರಂದು ಪೇಟೆಗೆ ಹೋಗಿ ಬಂದ. 21ರಂದು ತನ್ನ ಮನೆಗೆ ಕಾಡಿನ ಅಂಚಿನಿಂದ ಒಂದು ಹೊರೆ ಸೌದೆ ತಂದ. ವಿಚಾರಿಸಲಾಗಿ, ಆ ಸೊಪ್ಪಿನ ಬೆಟ್ಟದ ಪಕ್ಕದಲ್ಲಿ ಜನವರಿ ಮೊದಲ ವಾರದಲ್ಲಿ ಒಂದು ಮುಸಿಯ ಸತ್ತುಬಿದ್ದಿತ್ತು. ದರಕು ಹೊತ್ತ ಉಳಿದ ನಾಲ್ವರಲ್ಲಿ ಇಬ್ಬರಿಗೆ ಅದೇ ವಾರ ಜ್ವರ ಬಂದಿತ್ತು. ಅಡಿಕೆ ಸುಲಿದವರಲ್ಲಿ ಇವನನ್ನು ಬಿಟ್ಟರೆ ಯಾರಿಗೂ ಬಂದಿರಲಿಲ್ಲ. ಸೌದೆ ತಂದ ಕಡೆಗೆ ದಿನವೂ ಹೋಗುವ ನೆರೆಹೊರೆಯವರೂ ಆರೋಗ್ಯವಾಗಿದ್ದರು.

ಇಲ್ಲಿ ನಮ್ಮ ತೀರ್ಮಾನವೇನು? ಯಾವ ಉಣುಗು ಯಾವ ಕ್ಷಣದಲ್ಲಿ ಕಚ್ಚಿತೆಂದು ಯಾರೂ ಕಂಡಿಲ್ಲ. 21ರ ಸೌದೆಯಿಂದಲೇ ಬಂದಿರಬಹುದೆಂಬ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗುವುದಿಲ್ಲ. ಆದರೆ ಕಾಲ, ಸತ್ತ ಮುಸಿಯ, ಜೊತೆಯವರ ಜ್ವರ ಈ ಮೂರೂ ದರಕಿನ ಕೆಲಸದ ಕಡೆಗೇ ಬೆರಳು ಮಾಡುತ್ತವೆ. ಆದ್ದರಿಂದ "ಬಹುಮಟ್ಟಿಗೆ ಈ ಕೆಲಸದಿಂದ ಬಂದದ್ದು" ಎಂದು ಬರೆಯುವುದು ಸರಿಯಾದ ತೀರ್ಮಾನ. ಇಂಥ ವಿಚಾರಣೆಯಲ್ಲಿ ನೂರಕ್ಕೆ ನೂರು ಖಚಿತತೆಯನ್ನು ಕೇಳಿದರೆ ಯಾವ ಕೂಲಿಗಾರನೂ ಎಂದಿಗೂ ಏನನ್ನೂ ತೋರಿಸಿಕೊಡಲಾರ. ಹಾಗೆಂದು ಆಧಾರವಿಲ್ಲದೆ ಹೇಳಿದ್ದನ್ನೆಲ್ಲ ಒಪ್ಪುವುದೂ ಸಲ್ಲದು. ಯಾವ ಕಡೆಗೆ ತಕ್ಕಡಿ ತೂಗುತ್ತದೆ ಎಂಬುದನ್ನು ನೋಡಬೇಕು.

ಇನ್ನೊಂದು ಅಂಶವನ್ನೂ ಗಮನಿಸಿರಿ. ಮೇಲಿನ ದಿನಚರಿಯನ್ನು ಜ್ವರ ಬಂದ ವಾರದಲ್ಲಿಯೇ ಕೇಳಿ ಬರೆದಿದ್ದರಿಂದ ಈ ಲೆಕ್ಕ ಸಾಧ್ಯವಾಯಿತು. ಮೂರು ತಿಂಗಳ ನಂತರ ಕೇಳಿದ್ದರೆ ಯಾವ ದಿನ ಅಡಿಕೆ, ಯಾವ ದಿನ ದರಕು ಎಂಬುದು ಯಾರಿಗೂ ನೆನಪಿರುತ್ತಿರಲಿಲ್ಲ.

ನಡೆದ ಮೂರು ಪ್ರಕರಣಗಳು

ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕಡೆ 1982ರ ಕೊನೆಯಲ್ಲಿ ಗೇರು ತೋಟ ಎಬ್ಬಿಸಲು ಕಾಡನ್ನು ಕಡಿದು ಬಯಲು ಮಾಡಲಾಯಿತು. ಅದರ ಬೆನ್ನಿಗೇ ಮಂಗನ ಕಾಯಿಲೆ ಅಲ್ಲಿ ತಲೆದೋರಿ, 1983ರಲ್ಲಿ ಸುಮಾರು 1,500 ಜನರಿಗೆ ಹರಡಿತು. ಸುಮಾರು 150 ಜನ ಸತ್ತರು. ಕೆಲಸದ ಸ್ವರೂಪ ಬದಲಾದಾಗ ರೋಗದ ಸ್ವರೂಪವೂ ಬದಲಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಬಂಡೀಪುರದ ಹುಲಿ ರಕ್ಷಿತಾರಣ್ಯದಲ್ಲಿ 2012ರ ಕೊನೆಯಲ್ಲಿ ಮಂಗಗಳು ಸತ್ತವು. ಅವುಗಳ ಶವಪರೀಕ್ಷೆಗೆ ನೆರವಾಗಿ, ಕಳೇಬರಗಳನ್ನು ಸುಡುವ ಕೆಲಸದಲ್ಲಿ ತೊಡಗಿದ್ದ ಕೆಲಸಗಾರರಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಅದು ಮಂಗನ ಕಾಯಿಲೆಯೆಂದು ತಿಳಿಯಿತು. ಚಾಮರಾಜನಗರ ಜಿಲ್ಲೆಯಲ್ಲಿ ಆ ರೋಗವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಅವರು ಮಾಡಿದ ಕೆಲಸವೇ ರೋಗದ ಹೆಸರನ್ನು ಸೂಚಿಸಿತು.

2016ರಲ್ಲಿ ಬೆಳಗಾವಿ ಜಿಲ್ಲೆಯ ಕೆಲವು ಕೂಲಿಗಾರರಲ್ಲಿ ಈ ಕಾಯಿಲೆ ಪತ್ತೆಯಾಯಿತು. ಕೇವಲ ರೋಗಿಯ ಊರನ್ನು ನೋಡಿದ್ದರೆ ಬೆಳಗಾವಿಯ ಹಳ್ಳಿಗಳಲ್ಲಿಯೇ ಕಾರಣವನ್ನು ಹುಡುಕಬೇಕಾಗುತ್ತಿತ್ತು. ಆದರೆ ಅವರ ಕೆಲಸದ ವಿವರ ಕೇಳಿದಾಗ, ಅವರೆಲ್ಲ ಗೋವೆಯ ಗೇರು ತೋಟಗಳಿಗೆ ಹಂಗಾಮಿನ ಕೂಲಿಗೆ ಹೋಗಿ ಬಂದವರೆಂದು ಗೊತ್ತಾಯಿತು. ಸೋಂಕಿನ ತಾಣ ಗೋವೆಯಲ್ಲಿತ್ತು. ವಲಸೆ ಹೋಗುವ ಕೂಲಿಗಾರರ ಬಗ್ಗೆ "ಊರು ಯಾವುದು?" ಎಂದಷ್ಟೇ ಕೇಳದೆ "ಕಳೆದ ತಿಂಗಳು ಎಲ್ಲಿ ದುಡಿದಿರಿ?" ಎಂದು ಕೇಳಬೇಕೆಂಬುದನ್ನು ವಿಸ್ತರಣಾ ಕಾರ್ಯಕರ್ತರು ಇದರಿಂದ ಕಲಿಯಬೇಕು.

ಹಂದಿಗೋಡಿನ ಎಚ್ಚರಿಕೆ

ಎಲ್ಲ ಕಾಯಿಲೆಗೂ ಕೆಲಸವನ್ನೇ ಹೊಣೆ ಮಾಡಲಾಗುವುದಿಲ್ಲ ಎಂಬುದಕ್ಕೂ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆಯಿದೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು ನಡೆಯಲಾರದಂತಾಗುವ ಕಾಯಿಲೆ ಬೆಳಕಿಗೆ ಬಂತು. ರೋಗಿಗಳು ಬಡ ಕೃಷಿ ಕಾರ್ಮಿಕರು. ಗದ್ದೆಯ ಏಡಿ, ಮೀನುಗಳನ್ನು ಹಿಡಿದು ತಿನ್ನುವವರು. ಗದ್ದೆಗೆ ಹಾಕಿದ ಕೀಟನಾಶಕ ಏಡಿಯ ಮೂಲಕ ದೇಹ ಸೇರಿ ರೋಗ ಬಂದಿರಬೇಕೆಂದು ಬಲವಾದ ಶಂಕೆ ಹುಟ್ಟಿತು. ಆ ಶಂಕೆ ಅಸಹಜವೇನಲ್ಲ.

ಆದರೆ ನಂತರ ನಡೆದ ಅಧ್ಯಯನಗಳಲ್ಲಿ, ರೋಗವು ಕೆಲವು ಕುಟುಂಬಗಳಲ್ಲಿ ತಂದೆತಾಯಿಯರಿಂದ ಮಕ್ಕಳಿಗೆ ಬರುತ್ತಿರುವುದು ಕಂಡುಬಂತು. ಅದು ಅನುವಂಶಿಕವಾಗಿ ಬರುವ ಮೂಳೆ-ಕೀಲಿನ ರೋಗವೆಂದು ಗುರುತಿಸಲಾಯಿತು. ಮೇಲೆ ಹೇಳಿದ ಐದನೆಯ ಪ್ರಶ್ನೆಯನ್ನು ಬಿಟ್ಟಿದ್ದರೆ ಈ ನಿಜ ತಿಳಿಯುತ್ತಿರಲಿಲ್ಲ. ಕೆಲಸ ಕಾರಣವಲ್ಲವೆಂದು ತಿಳಿದ ಮಾತ್ರಕ್ಕೆ ರೋಗಿಗಳ ಕಷ್ಟ ಸಣ್ಣದಾಗುವುದಿಲ್ಲ. ಅವರಿಗೆ ಬೇಕಾದ ಸಹಾಯದ ದಾರಿ ಬೇರೆ ಎಂದಷ್ಟೇ ಅರ್ಥ.

ನಮ್ಮ ಹೊಲ-ತೋಟಗಳ ಇತರ ಕಾಯಿಲೆಗಳು

ಇಲಿಜ್ವರ: ಇಲಿ ಮತ್ತು ಇತರ ಪ್ರಾಣಿಗಳ ಮೂತ್ರ ಬೆರೆತ ನೀರು, ಕೆಸರುಗಳಿಂದ, ಚರ್ಮದ ಗಾಯ ಬಿರುಕುಗಳ ಮೂಲಕ ರೋಗಾಣು ಒಳಸೇರುತ್ತದೆ. ನಾಟಿ, ಕಳೆ ಕೀಳುವುದು, ಕಾಲುವೆ ತೆಗೆಯುವುದು ಅಪಾಯದ ಕೆಲಸಗಳು. ಜ್ವರ, ಮೀನಖಂಡದ ತೀವ್ರ ನೋವು, ಕೆಂಪು ಕಣ್ಣು, ಕೆಲವರಲ್ಲಿ ಕಾಮಾಲೆ ಲಕ್ಷಣಗಳು. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ರೋಗ ಕಾಣುತ್ತದೆ. ಒಂದು ತಿಂಗಳವರೆಗೂ ಹಿಡಿಯಬಹುದು. ಆದ್ದರಿಂದ ಹಿಂದಿನ 30 ದಿನಗಳ ಕೆಲಸವನ್ನು ಕೇಳಬೇಕು.

ಕೀಟನಾಶಕದ ವಿಷ: ರಂಜಕಯುಕ್ತ ಕೀಟನಾಶಕಗಳು ದೇಹ ಸೇರಿದರೆ ಸಾಮಾನ್ಯವಾಗಿ ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಕಿರಿದಾಗುವುದು, ಉಸಿರಾಟದ ತೊಂದರೆ ಕಾಣುತ್ತವೆ. ಇಲ್ಲಿ ಲೆಕ್ಕ ದಿನಗಳಲ್ಲಲ್ಲ, ಗಂಟೆಗಳಲ್ಲಿ. ರಕ್ತದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವ ಎಷ್ಟು ತಗ್ಗಿದೆ ಎಂದು ನೋಡುವ ಪರೀಕ್ಷೆ ಇದೆ. ತಡವಾದರೆ ಇದರ ಸಾಕ್ಷ್ಯ ಮಸುಕಾಗುತ್ತದೆ. ರೋಗಿಯನ್ನು ಆಸ್ಪತ್ರೆಗೆ ಒಯ್ಯುವಾಗ ಔಷಧಿಯ ಡಬ್ಬಿ ಅಥವಾ ಅದರ ಚೀಟಿಯನ್ನು ತಪ್ಪದೆ ಒಯ್ಯಬೇಕು. ಮೈಮೇಲಿನ ಬಟ್ಟೆ ಕಳಚಿ, ಸೋಪು-ನೀರಿನಿಂದ ಮೈ ತೊಳೆಯುವುದನ್ನು ಮೊದಲು ಮಾಡಬೇಕು.

ಬೂಷ್ಟಿನ ದೂಳು: ಬೂಷ್ಟು ಹಿಡಿದ ಹುಲ್ಲು, ಧಾನ್ಯಗಳನ್ನು ಕೆದಕಿದಾಗ ಏಳುವ ದೂಳಿನಿಂದ ಕೆಲವರಿಗೆ 4ರಿಂದ 8 ಗಂಟೆಗಳ ನಂತರ ಜ್ವರ, ಕೆಮ್ಮು, ಏದುಸಿರು ಬರುತ್ತವೆ. ಕೆಲಸ ಬಿಟ್ಟ ದಿನಗಳಲ್ಲಿ ಕಡಿಮೆಯಾಗಿ, ಮತ್ತೆ ಹೋದಾಗ ಮರುಕಳಿಸಿದರೆ ಕೆಲಸವೇ ಕಾರಣವೆಂಬ ಸಂಶಯ ಬಲವಾಗುತ್ತದೆ. ಆದರೆ ಪರೀಕ್ಷೆಗೆಂದು ರೋಗಿಯನ್ನು ಮತ್ತೆ ಅದೇ ದೂಳಿಗೆ ಕಳಿಸಬಾರದು.

ಬರೆದಿಡಬೇಕಾದ ವಿಷಯಗಳು

ಹತ್ತು ರೂಪಾಯಿಯ ನೋಟುಪುಸ್ತಕವೊಂದು ಸಾಕು. ಕೆಲಸ ಮಾಡಿಸುವ ರೈತರೂ, ಮಾಡುವ ಕೂಲಿಗಾರರೂ ಇಟ್ಟುಕೊಳ್ಳಬಹುದು. ಅದರಲ್ಲಿ ಈ ವಿವರಗಳಿರಲಿ:

ಅ) ತಾರೀಖು, ಕೆಲಸದ ಹೆಸರು, ಜಾಗ.
ಆ) ಜೊತೆಯಲ್ಲಿ ದುಡಿದವರ ಹೆಸರುಗಳು.
ಇ) ಬಳಸಿದ ಔಷಧಿಯ ಹೆಸರು ಮತ್ತು ಪ್ರಮಾಣ.
ಈ) ಉಣುಗು ಕಚ್ಚಿದ್ದು ಅಥವಾ ಸತ್ತ ಮಂಗ ಕಂಡಿದ್ದು, ಅದರ ತಾರೀಖು.
ಉ) ಜ್ವರ ಆರಂಭವಾದ ದಿನ ಮತ್ತು ಆಸ್ಪತ್ರೆಗೆ ಹೋದ ದಿನ.

ಈ ವಿವರವನ್ನು ವೈದ್ಯಾಧಿಕಾರಿಗಳಿಗೆ ತಿಳಿಸಿ, ಚೀಟಿಯಲ್ಲಿ ಬರೆಯುವಂತೆ ವಿನಯದಿಂದ ಕೇಳಿಕೊಳ್ಳಬೇಕು. ಆಸ್ಪತ್ರೆಯ ಚೀಟಿ, ಪರೀಕ್ಷಾ ವರದಿ, ಬಿಡುಗಡೆ ಪತ್ರ ಇವನ್ನು ಒಂದು ಚೀಲದಲ್ಲಿ ಹಾಕಿ ಇಡಬೇಕು. ಕೂಲಿಯ ಪಾವತಿಗೆ ಸಣ್ಣ ಬರಹವಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ.

ಇಂಥ ಪುಸ್ತಕ ಇಟ್ಟರೆ ತಮ್ಮ ಮೇಲೆ ಹೊಣೆ ಬರುವುದೆಂದು ಕೆಲವು ರೈತರು ಹಿಂಜರಿಯಬಹುದು. ಆದರೆ ಅದೇ ಪುಸ್ತಕ ಸುಳ್ಳು ಆಪಾದನೆಯಿಂದ ರೈತನನ್ನು ಕಾಪಾಡುತ್ತದೆ ಎಂಬುದನ್ನು ಮರೆಯಬಾರದು. ಅಲ್ಲದೆ ನಮ್ಮ ಕಡೆ ಕೆಲಸ ಕೊಡುವ ಸಣ್ಣ ರೈತನೂ, ಅವನ ಮನೆಯವರೂ ಕೂಲಿಗಾರರ ಜೊತೆಗೇ ಬೆಟ್ಟ ಹತ್ತುತ್ತಾರೆ. ಉಣುಗು ಯಜಮಾನನನ್ನೂ ಆಳನ್ನೂ ಬೇರೆ ಮಾಡಿ ನೋಡುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಉದ್ಯೋಗದಿಂದ ಬರುವ ಕೆಲವು ರೋಗಗಳನ್ನು ಅಪಘಾತದ ಗಾಯಕ್ಕೆ ಸಮವೆಂದು ಎಣಿಸಿ ಪರಿಹಾರ ಕೊಡಬೇಕೆಂಬ ತತ್ವ ನಮ್ಮ ದೇಶದಲ್ಲಿ 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯಲ್ಲಿಯೇ ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೆಯ ಅನುಸೂಚಿಯಲ್ಲಿಯೂ ಇಂಥ ರೋಗಗಳ ಪಟ್ಟಿಯಿದೆ. ಸೋಂಕಿನ ವಿಶೇಷ ಅಪಾಯವಿರುವ ಕೆಲಸದಲ್ಲಿ ತಗುಲಿದ ಸೋಂಕು ರೋಗಗಳು, ರಂಜಕದ ವಿಷಕಾರಿ ಸಂಯುಕ್ತಗಳಿಂದ ಬರುವ ರೋಗಗಳು ಈ ಪಟ್ಟಿಯಲ್ಲಿ ಸೇರಿವೆ. ಪಟ್ಟಿಯಲ್ಲಿ ಹೇಳಿದ ಕೆಲಸದಲ್ಲಿದ್ದವರಿಗೆ ಪಟ್ಟಿಯಲ್ಲಿ ಹೇಳಿದ ರೋಗ ಬಂದರೆ, ವಿರುದ್ಧವಾದ ಪುರಾವೆ ಇಲ್ಲದಿದ್ದಲ್ಲಿ ಕೆಲಸದಿಂದಲೇ ಬಂದದ್ದೆಂದು ಭಾವಿಸಲಾಗುತ್ತದೆ.

ಎಲ್ಲ ಕೃಷಿ ಕೂಲಿಗೂ ಈ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ತೋಟಗಳಲ್ಲಿ ದುಡಿಯುವವರು, ಕೀಟನಾಶಕ ಸಿಂಪಡಿಸುವವರು, ಮರ ಕಡಿಯುವವರು ಮುಂತಾಗಿ ಕಾನೂನು ಹೆಸರಿಸಿರುವ ಕೆಲಸಗಳಿವೆ. ತಮ್ಮ ಕೆಲಸ ಅದರಲ್ಲಿ ಸೇರಿದೆಯೇ ಎಂಬುದನ್ನು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಂದ ಕೇಳಿ ತಿಳಿಯಬೇಕು. ವಕೀಲರಿಗೆ ಹಣ ಕೊಡಲಾರದವರು ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವು ಪಡೆಯಬಹುದು. ಅರ್ಜಿಗೆ ಗಡುವು ಇರುವುದರಿಂದ ತಡಮಾಡಬಾರದು.

ಬರದಂತೆ ನೋಡಿಕೊಳ್ಳುವುದೇ ಮೇಲು

ಕಾರಣ ತಿಳಿಯುವುದರ ಮುಖ್ಯ ಉಪಯೋಗ ಮುಂದಿನವರಿಗೆ ಬರದಂತೆ ಮಾಡುವುದು. ಮಂಗನ ಕಾಯಿಲೆಗೆ 1990ರಿಂದ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ರೋಗಕ್ಕೆ ನೇರವಾದ ಔಷಧಿಯೂ ಇಲ್ಲ. ಲಕ್ಷಣಗಳಿಗೆ ತಕ್ಕ ಆರೈಕೆ ಬೇಗ ಸಿಕ್ಕಿದರೆ ಹೆಚ್ಚಿನವರು ಗುಣಹೊಂದುತ್ತಾರೆ. ಆದ್ದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದು ಅತಿ ಮುಖ್ಯ.

ಕಾಡಿಗೆ ಹೋಗುವ ಮೊದಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಸೂಚನೆಯಂತೆ ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ತೊಡಬೇಕು. ದರಕಿನ ಮೇಲೆ ಕೂರಬಾರದು, ಮಲಗಬಾರದು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಮಂಗ ಸತ್ತ ಜಾಗದಿಂದ ದರಕು ತರಬಾರದು. ತಂದ ದರಕನ್ನು ವಾಸದ ಮನೆಗೆ ಒತ್ತಿ ರಾಶಿ ಹಾಕಬಾರದು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ, ಅರಣ್ಯ ಅಥವಾ ಪಶುವೈದ್ಯ ಇಲಾಖೆಗೆ ತಿಳಿಸಬೇಕು. ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆಗಳನ್ನು ನುಂಗಿ ಕಾಲ ಕಳೆಯಬಾರದು. ಆಸ್ಪಿರಿನ್ ಜಾತಿಯ ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಬಹುದು.

ನೆನಪಿಡಬೇಕಾದ ಅಂಶಗಳು

- ಮೊದಲು ರೋಗದ ಹೆಸರು, ಆಮೇಲೆ ಕಾರಣದ ಹುಡುಕಾಟ.
- ಜ್ವರ ಬಂದ ದಿನದಿಂದ ಹಿಂದಕ್ಕೆ ಎಣಿಸಿರಿ. ಮಂಗನ ಕಾಯಿಲೆಗೆ 3ರಿಂದ 8 ದಿನ, ಇಲಿಜ್ವರಕ್ಕೆ 30 ದಿನಗಳವರೆಗೆ.
- ಕೆಲಸಕ್ಕೆ ಹೋದವರನ್ನೂ ಹೋಗದವರನ್ನೂ ಹೋಲಿಸಿರಿ.
- ಬೇರೆ ಕಾರಣಗಳನ್ನು ಮುಚ್ಚಿಡಬೇಡಿರಿ.
- ನೆನಪು ಮಾಸುವ ಮೊದಲು ಬರೆದಿಡಿರಿ.

ರಕ್ತಪರೀಕ್ಷೆ ರೋಗದ ಹೆಸರನ್ನು ಹೇಳಬಲ್ಲದು. ಆ ವಾರ ಯಾರ ಬೆಟ್ಟದಲ್ಲಿ ಎಷ್ಟು ದಿನ ದುಡಿದಿರಿ ಎಂಬುದನ್ನು ಅದು ಹೇಳಲಾರದು. ಅದನ್ನು ಹೇಳಬೇಕಾದವರು ದುಡಿದವರು, ದುಡಿಸಿದವರು ಮತ್ತು ಅವರನ್ನು ಕೇಳಿ ಬರೆದುಕೊಳ್ಳುವ ಕಾರ್ಯಕರ್ತರು. ಈ ಬೇಸಿಗೆಯಲ್ಲಿ ಬೆಟ್ಟದ ಕೆಲಸ ಆರಂಭವಾಗುವ ದಿನವೇ ಆ ಪುಸ್ತಕದ ಮೊದಲ ಪುಟವನ್ನು ತೆರೆಯಿರಿ.